ನೆಟ್ ಹೋದಾಗ ಅವ್ವ ಹೇಳಿದ್ದು

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಹಾಗಾಗಿ ಮಾತೂ ಬರಲಿಲ್ಲ. ಅವ್ವ ಓದು ಬರಹ ಕಲಿತವಳಲ್ಲ. ಅಕ್ಕನಂಥ ಮಕ್ಕಳಿಗೆ ಶಾಲೆಯಲ್ಲಿ ಕೈಭಾಷೆ ಕಲಿಸುತ್ತಾರೆ ಎಂಬುದು ನಮ್ಮ ಮನೆಗೆ ಗೊತ್ತಾಗುವ ಹೊತ್ತಿಗೆ ಅಕ್ಕ ದೊಡ್ಡವಳಾಗಿದ್ದಳು. ಆದರೆ ಅವ್ವ ಅದಕ್ಕಾಗಿ ಕಾದು ಕುಳಿತಿರಲಿಲ್ಲ. ಗೊರೇಬಾಳದಲ್ಲಿ ನಮ್ಮ ತುಂಡು ಗದ್ದೆಯಿದೆ. ಅಲ್ಲಿ ನಾಟಿ ಮಾಡುವಾಗ, ಒಲೆಯ ಮುಂದೆ ರೊಟ್ಟಿ ಬಡಿಯುವಾಗ, ಹೇನು ನೋಡುವಾಗ ತಾಯಿ ಮಗಳು ಸೇರಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡರು. ಮೀಸೆಯ ಜಾಗ ಮುಟ್ಟಿದರೆ ಅಪ್ಪ. ಕೆನ್ನೆ ಹಿಂಡಿದರೆ ನಾನು. ಮೊಣಕೈಯಿಂದ ಬೆರಳಿನವರೆಗೆ ಅಂಗೈ ಸವರಿದರೆ ಕಾಲುವೆಯ ನೀರು. ಯಾರದೋ ಮನೆಯ ಜಗಳ, ಮದುವೆಯ ಮಾತುಕತೆ, ಮೈಯ ನೋವು, ಎಲ್ಲವನ್ನೂ ಅವರು ಹಾಗೆ ಆಡಿಕೊಳ್ಳುತ್ತಿದ್ದರು. ಉಂಡೆಯಾ, ಬಾ, ಮಲಗು, ಸುಮ್ಮನಿರು ಇಷ್ಟು ನನಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಕಲಿಯಬೇಕೆಂದು ಅನಿಸಿರಲೇ ಇಲ್ಲ. ಏಕೆಂದರೆ ಅವ್ವನಿಗೆ ಬಾಯಿತ್ತು. ಅಕ್ಕ ಹೇಳಿದ್ದನ್ನು ಅವ್ವ ಬಾಯಲ್ಲಿ ಹೇಳುತ್ತಿದ್ದಳು. ಅಕ್ಕನ ಮಾತು ನಮಗೆಲ್ಲ ಅವ್ವನಿಂದಲೇ ತಲುಪುತ್ತಿತ್ತು.

ಆ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅವುಗಳ ಜೊತೆಗೆ ಮಾತೂ ಹೋಯಿತು. ನಾವು ಹೇಳಿದ್ದು ಅವಳಿಗೆ ತಿಳಿಯುತ್ತದೆ, ಆದರೆ ಬಾಯಿಗೆ ಮಾತು ಬರುವುದಿಲ್ಲ ಎಂದರು ಡಾಕ್ಟರು. ಏನೋ ಹೇಳಲು ಹೋಗಿ ಅವಳು ಒಂದೇ ದನಿಯಲ್ಲಿ ನರಳುವುದನ್ನು ಕೇಳಲಾಗದೆ ನಾನು ಆಸ್ಪತ್ರೆಯ ವರಾಂಡಕ್ಕೆ ಬಂದು ನಿಲ್ಲುತ್ತಿದ್ದೆ.

ಲಿಂಗಸುಗೂರಿನಿಂದ ಅಕ್ಕ, ಅವಳ ಗಂಡ ಬಂದರು. ಅಕ್ಕನ ಗಂಡನನ್ನು ನಾವು ಮಾಮ ಎಂದೇ ಕರೆಯುವುದು. ಅವನಿಗೆ ಕಿವಿ, ಮಾತು ಎರಡೂ ಇವೆ. ಗಂಡ ಹೆಂಡತಿ ಸೇರಿ ಲಿಂಗಸುಗೂರಿನಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಾರೆ. ಅಕ್ಕ ಅವ್ವನ ಎಡಗಡೆ ಕುಳಿತಳು. ಅವ್ವನ ಎಡಗೈ ಹಾಸಿಗೆಯಿಂದ ಮೆಲ್ಲಗೆ ಎದ್ದಿತು. ಎರಡು ಬೆರಳು ತೊಡೆಯ ಮೇಲೆ ಹರಿದಾಡಿದವು. ಅಕ್ಕ ತಲೆಯಾಡಿಸಿ ಮಾಮನ ಕಡೆ ತಿರುಗಿ ಕೈಯಲ್ಲೇ ಏನೋ ಹೇಳಿದಳು.

“ಬಿದ್ದ ಕಾಲಾಗ ಇರಿವಿ ಹರದಂಗ ಆಗಾಕತ್ತೈತಂತ ನಿಮ್ಮವ್ವಗ” ಎಂದ ಮಾಮ.

ಲಕ್ವ ಹೊಡೆದ ಮೇಲೆ ನಾನು ಕೇಳಿದ ಅವ್ವನ ಮೊದಲ ಮಾತು ಅದು.

ಅಪ್ಪ ಆಗಲೇ ತೀರಿಹೋಗಿದ್ದ. ಅವ್ವನನ್ನು ಸಿಂಧನೂರಿನ ನಮ್ಮ ಮನೆಗೆ ಕರೆತಂದೆವು. ಅಕ್ಕನಿಗೆ ಅಂಗಡಿ ಬಿಟ್ಟು ಬಹಳ ದಿನ ಇರಲು ಆಗುತ್ತಿರಲಿಲ್ಲ. ಆಗ ಮನೆಗೆ ನೆಟ್ ಹಾಕಿಸಿದೆ. ಹೊರಗಿನ ಕಂಬದಿಂದ ಹಳದಿ ಬಣ್ಣದ ಸಣ್ಣ ವಯರೊಂದು ಕಿಟಕಿಯ ಚೌಕಟ್ಟಿನಲ್ಲಿ ತೂರಿ, ಗೋಡೆಯ ಬುಡದಲ್ಲಿ ಹಾದು, ಅವ್ವನ ಕೋಣೆಯ ಮೂಲೆಯಲ್ಲಿದ್ದ ವೈಫೈ ಪೆಟ್ಟಿಗೆಗೆ ಸೇರುತ್ತಿತ್ತು. ದಿನಾ ದೀಪ ಹಚ್ಚುವ ಹೊತ್ತಿಗೆ ಫೋನನ್ನು ಒಂದು ಡಬ್ಬಿಗೆ ಆನಿಸಿ ಇಡುತ್ತಿದ್ದೆವು. ಲಿಂಗಸುಗೂರಿನಲ್ಲಿ ಅಕ್ಕ, ಇಲ್ಲಿ ಅವ್ವ, ಮಧ್ಯೆ ಎರಡು ಕೈಗಳ ಮಾತು. ಆಮೇಲೆ ಮಾಮ ಪರದೆಯ ಒಳಗೆ ಬಂದು ನಮಗೆ ತಿಳಿಸುತ್ತಿದ್ದ. ತಲೆದಿಂಬು ಎತ್ತರವಾಗಿದೆಯಂತೆ. ಗಂಜಿಗೆ ಉಪ್ಪು ಸಾಲದಂತೆ. ಹೋದ ಬುಧವಾರ ನೋಡಲು ಬಂದವಳು ಬಹಳ ಮಾತಾಡುತ್ತಾಳೆ, ಮತ್ತೆ ಒಳಗೆ ಬಿಡಬೇಡಿ ಎಂದಳಂತೆ. ಒಂದೇ ಸೂರಿನ ಕೆಳಗಿದ್ದರೂ ಅವ್ವನ ಮಾತು ಲಿಂಗಸುಗೂರಿಗೆ ಹೋಗಿ ನಮ್ಮ ಹತ್ತಿರ ಬರಬೇಕಾಗಿತ್ತು.

ಅವ್ವನ ಮೈ ತೊಳೆಯುವುದು, ಬಟ್ಟೆ ಬದಲಿಸುವುದು ಎಲ್ಲ ನನ್ನ ಹೆಂಡತಿಯೇ ಮಾಡುತ್ತಿದ್ದಳು. ಎತ್ತಿ ಕೂರಿಸುವಾಗ ಮಾತ್ರ ನನ್ನನ್ನು ಕರೆಯುತ್ತಿದ್ದಳು. ಅವಳು ಗೊರೇಬಾಳದ ಶಾಲೆಯಲ್ಲಿ ಟೀಚರು. ಚಳಿಗಾಲದ ಆರಂಭದಲ್ಲಿ ರಾಯಚೂರಿನಲ್ಲಿ ಅಲ್ಲೇ ಉಳಿದು ಮುಗಿಸಬೇಕಾದ ತರಬೇತಿಯೊಂದು ಬಂತು. ತಪ್ಪಿಸಿಕೊಳ್ಳುವಂತಿರಲಿಲ್ಲ. ಹತ್ತಿ ಬಿಡಿಸುವ ಕಾಲ ಬೇರೆ. ಕೆಲಸಕ್ಕೆ ಬರುವ ಹೆಂಗಸರೆಲ್ಲ ಹೊಲಗಳಲ್ಲಿದ್ದರು. ನಾನು ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಗುಮಾಸ್ತ. ರಜೆ ಹಾಕಿದೆ.

“ನಾ ಅದೀನಲ್ಲ, ನೀ ಹೋಗು. ನಮ್ಮವ್ವನ ಕೆಲಸ ನಾ ಮಾಡಾಕ ಏನು ಕಷ್ಟ?” ಎಂದು ಹೆಂಡತಿಗೆ ಹೇಳಿದೆ.

ಅವಳು ಹೋದ ಬೆಳಿಗ್ಗೆ ಬಿಸಿನೀರು ಕಾಸಿ, ಅವ್ವನ ಸೀರೆ ಬಿಚ್ಚಿ, ಮೈ ತೊಳೆದು, ಒರೆಸಿ, ಬೇರೆ ಬಟ್ಟೆ ಸುತ್ತಿದೆ. ಬೆನ್ನಿಗೆ ಹುಣ್ಣಾಗದಂತೆ ಪೌಡರ್ ಹಾಕಿದೆ. ಎಲ್ಲಿಯೂ ಒರಟಾಗಲಿಲ್ಲ. ಮುಗಿಸಿ ನಿಂತಾಗ, ಹೆತ್ತವಳಿಗೆ ಮಾಡಬೇಕಾದದ್ದನ್ನು ಮಾಡುತ್ತಿದ್ದೇನೆ ಎಂಬ ನೆಮ್ಮದಿಯಿಂದ ನನ್ನ ಮನಸ್ಸು ತುಂಬಿತ್ತು.

ಅವ್ವ ಎಡಗೈ ಎತ್ತಿದಳು. ಅಂಗೈಯಿಂದ ಕೊರಳಿನ ಕೆಳಗೆ ಎದೆಯ ಮೇಲೆಲ್ಲ ಸವರಿಕೊಂಡಳು. ಆಮೇಲೆ ಅದೇ ಅಂಗೈಯನ್ನು ಹೊರಗೆ ತಳ್ಳಿದಳು. ಮತ್ತೆ ಹಾಗೇ ಮಾಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಗಿರಣಿಗಳ ಉಮಿಧೂಳು ಬರುತ್ತದೆಂದು ಆ ಕೋಣೆಯ ಕಿಟಕಿಯನ್ನು ಮುಚ್ಚಿಯೇ ಇಡುತ್ತಿದ್ದೆವು. ಎದೆ ಸವರಿದ್ದು ಸೆಕೆಗೆ, ಕೈ ತಳ್ಳಿದ್ದು ಕಿಟಕಿ ತೆರೆ ಎನ್ನುವುದಕ್ಕೆ ಎಂದು ನಾನು ಅರ್ಥ ಮಾಡಿಕೊಂಡೆ. “ಗಾಳಿ ಬೇಕೇನವ್ವಾ?” ಎಂದೆ. ಅವಳು ಕಣ್ಣು ಮುಚ್ಚಿದಳು. ಹೌದೆಂದಳು ಅಂದುಕೊಂಡು ಕಿಟಕಿ ತೆರೆದೆ. ಕಬ್ಬಿಣದ ಮಂಚ. ತಲೆಯ ಕಡೆ ಒಮ್ಮೆ, ಕಾಲಿನ ಕಡೆ ಒಮ್ಮೆ ಎತ್ತಿ ಎತ್ತಿ ಇಟ್ಟು ಕಿಟಕಿಯ ಕೆಳಗೆ ಸರಿಸಿದೆ. ಹೊರಗಿನ ತಣ್ಣನೆ ಗಾಳಿ ಅವಳ ಮುಖಕ್ಕೆ ಬಂತು. ಅವಳು ಕಣ್ಣು ತೆರೆಯಲಿಲ್ಲ.

ಸಂಜೆ ಫೋನ್ ಇಟ್ಟು ಅಕ್ಕನಿಗೆ ಕರೆ ಮಾಡಿದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ವೈಫೈ ಇದೆ, ಇಂಟರ್ನೆಟ್ ಇಲ್ಲ ಎಂದು ತೋರಿಸಿತು. ಪೆಟ್ಟಿಗೆಯಲ್ಲಿ ದಿನಾ ಹಸಿರಾಗಿರುತ್ತಿದ್ದ ದೀಪಗಳ ಸಾಲಿನಲ್ಲಿ ಒಂದು ಕೆಂಪಗೆ ಮಿಣುಕುತ್ತಿತ್ತು. ಸ್ವಿಚ್ ಆರಿಸಿ, ಸ್ವಲ್ಪ ತಡೆದು ಮತ್ತೆ ಹಾಕಿದೆ. ಎಲ್ಲ ದೀಪಗಳೂ ಒಮ್ಮೆ ಹತ್ತಿ ಆರಿದವು. ಕೆಂಪು ಮತ್ತೆ ಬಂತು. ವಯರನ್ನು ಪೆಟ್ಟಿಗೆಯಿಂದ ಕಿತ್ತು, ಬಟ್ಟೆಯಿಂದ ಒರೆಸಿ ಮತ್ತೆ ಸಿಕ್ಕಿಸಿದೆ. ಫೋನಿನಲ್ಲಿ ವೈಫೈ ಅಳಿಸಿ ಮತ್ತೆ ಪಾಸ್‌ವರ್ಡ್ ಹಾಕಿ ಸೇರಿಸಿದೆ. ಏನೂ ಆಗಲಿಲ್ಲ.

ಮೊಬೈಲಿನ ನೆಟ್ ನಮ್ಮ ಮನೆಯಲ್ಲಿ ಮಾಳಿಗೆಯ ಮೇಲೆ ಮಾತ್ರ ಚೆನ್ನಾಗಿ ಸಿಗುತ್ತದೆ. ಆದರೂ ಅದರಲ್ಲಿ ಕರೆ ಮಾಡಿದೆ. ಅಕ್ಕನ ಮುಖ ಬಂತು, ಚೂರುಚೂರಾಗಿ ನಿಂತಿತು. ಅವಳು ಎತ್ತಿದ ಕೈ ಎಲ್ಲಿ ಇಳಿಯಿತೋ ಕಾಣಲೇ ಇಲ್ಲ. ಬಾಯಿಮಾತಾಗಿದ್ದರೆ ಒಂದೆರಡು ಪದ ಬಿಟ್ಟುಹೋದರೂ ಊಹಿಸಬಹುದು. ಕೈಮಾತಿನಲ್ಲಿ ಚಿತ್ರ ನಿಂತರೆ ಎಲ್ಲವೂ ನಿಂತ ಹಾಗೆ. ಅವ್ವ ಪರದೆ ನೋಡುತ್ತ ಎದೆಯ ಮೇಲೆ ಕೈ ಸವರಿಕೊಂಡಳು. ಅಷ್ಟರಲ್ಲಿ ಕರೆ ಕಡಿದುಹೋಯಿತು.

ಮಾಳಿಗೆ ಹತ್ತಿ ಮಾಮನಿಗೆ ಫೋನ್ ಮಾಡಿದೆ.

“ನೆಟ್ ಕೆಟ್ಟೈತಿ ಮಾಮ. ಅವ್ವ ಏನೋ ಹೇಳಾಕತ್ಯಾಳ, ನನಗ ತಿಳಿವಲ್ದು.”

“ನಾವು ಬರ್ಲೇನು?”

“ಬ್ಯಾಡ. ನಾಳಿಗೆ ಸರಿ ಆಗ್ತೈತಿ.”

ಮರುದಿನ ಬೆಳಿಗ್ಗೆ ನೀರು ಕುಡಿಸಲು ಹೋದರೆ ಅವ್ವ ಬಾಯಿ ತೆರೆಯಲಿಲ್ಲ. ಚಮಚ ತುಟಿಗೆ ತಾಕಿಸಿದೆ. ಹಲ್ಲು ಕಚ್ಚಿ ಹಿಡಿದಳು. ಗಂಜಿಯನ್ನು ಒಂದೆರಡು ಗುಟುಕು ತೆಗೆದುಕೊಂಡು ಸಾಕೆಂದು ಕೈಮಾಡಿದಳು. ಮೈ ತೊಳೆಯಲು ಸೆರಗಿಗೆ ಕೈ ಹಾಕಿದಾಗ ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನೀರು ತಣ್ಣಗಾಗಿದೆಯೇನೋ ಎಂದು ಮತ್ತೆ ಕಾಸಿ ತಂದೆ.

ನೆಟ್ ಆಫೀಸಿಗೆ ಫೋನ್ ಮಾಡಿದೆ. ಹೆಂಗಸೊಬ್ಬಳು ಎತ್ತಿದಳು.

“ಮಸ್ಕಿ ಕಡೆ ರೋಡ್ ಅಗಿಯಾಕತ್ತಾರ್ರಿ, ಅಲ್ಲಿ ಮೇನ್ ಲೈನ್ ಕಟ್ ಆಗೈತಿ. ನಿಮ್ಮ ಏರಿಯಾ ಪೂರಾ ಬಂದ್ ಐತ್ರಿ.”

“ಮನ್ಯಾಗ ಪೇಷಂಟ್ ಅದಾರ ಅಕ್ಕಾರ. ನೆಟ್ ಬೇಕಽ ಬೇಕು.”

“ಸಂಜಿತನಕ ಬರ್ತೈತ್ರಿ. ಪೆಟಗಿ ಹಿಂದ ಸಣ್ಣ ತೂತು ಇರ್ತೈತಿ, ಅದಕ್ಕ ಪಿನ್ ಗಿನ್ ಚುಚ್ಚಬ್ಯಾಡ್ರಿ ಮತ್ತ. ಸೆಟ್ಟಿಂಗ್ ಎಲ್ಲ ಅಳಿಸಿಹೋಗ್ತಾವ.”

ಎದುರುಮನೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಅವ್ವನ ಸರೀಕಳಲ್ಲದಿದ್ದರೂ ಅವ್ವನನ್ನು ಕಂಡರೆ ಅವಳಿಗೆ ಪ್ರೀತಿ. ಅವರ ನೆಟ್ ಹೇಗಿದೆ ಎಂದು ಕೇಳಿದೆ. “ನಮ್ದೂ ಬಂದ್ ಐತ್ರಿ ಅಣ್ಣಾರ, ನಿನ್ನಿಯಿಂದ ಟೀವಿ ಇಲ್ಲ” ಎಂದಳು. ಅದು ಕೇಳಿ ನನಗೆ ಸಮಾಧಾನವಾಯಿತು. ಊರಿಗೆಲ್ಲ ಹೋಗಿದೆ ಎಂದಮೇಲೆ ನಮ್ಮ ಮನೆಯಲ್ಲಿ ಹುಡುಕುವುದೇನೂ ಇಲ್ಲವಲ್ಲ.

ಅವ್ವ ಕೈಮಾಡುವುದನ್ನು ವಿಡಿಯೋ ಮಾಡಿ, ಮಾಳಿಗೆಯಿಂದ ಅಕ್ಕನಿಗೆ ಕಳಿಸಬಹುದಲ್ಲ ಎಂದು ಮಧ್ಯಾಹ್ನ ಹೊಳೆಯಿತು. ಫೋನ್ ಹಿಡಿದು ಅವಳ ಮುಂದೆ ಕುಳಿತೆ. “ಹೇಳವ್ವಾ, ಅಕ್ಕಗ ಕಳಸ್ತೀನಿ.” ಅವಳು ಫೋನಿನಲ್ಲಿ ಮಗಳ ಮುಖ ಹುಡುಕಿದಳು. ಅಲ್ಲಿ ಯಾರೂ ಇರಲಿಲ್ಲ. ಕೈಯನ್ನು ಹಾಸಿಗೆಯ ಮೇಲೆ ಇಟ್ಟಳು. ಎಷ್ಟು ಕೇಳಿಕೊಂಡರೂ ಎತ್ತಲಿಲ್ಲ. ಅವಳ ಕೈಮಾತನ್ನು ನಾನೇ ಮಾಳಿಗೆ ಹತ್ತಿ ಅಕ್ಕನಿಗೆ ಮಾಡಿ ತೋರಿಸಬಹುದು ಎಂಬುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಆ ದಿನ ಅವ್ವನ ಹಾಸಿಗೆ ಒದ್ದೆಯಾಗಲೇ ಇಲ್ಲ. ತುಟಿ ಒಣಗಿ ಬಿರಿಯತೊಡಗಿತ್ತು. ಬಟ್ಟೆ ಅದ್ದಿ ಒರೆಸಿದರೆ ಒರೆಸಿಕೊಳ್ಳುತ್ತಿದ್ದಳು, ನುಂಗುತ್ತಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ನಾಳೆಯೂ ಹೀಗೇ ಇದ್ದರೆ ಕರೆದುಕೊಂಡು ಬನ್ನಿ, ಸಲೈನ್ ಹಾಕಬೇಕಾಗುತ್ತದೆ ಎಂದರು. ಹೀಗೆ ಬಿದ್ದವರು ಅನ್ನ ನೀರು ಬಿಡುವುದು ಯಾವಾಗ ಎಂಬುದು ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತಿತ್ತು. ಅವ್ವ ಹೊರಟು ನಿಂತಿದ್ದಾಳೆ, ಅದನ್ನೇ ಹೇಳುತ್ತಿದ್ದಾಳೆ ಎಂದು ನನಗೆ ಅನಿಸಿಬಿಟ್ಟಿತು. ಎದೆಯಿಂದ ಹೊರಗೆ ತಳ್ಳುವ ಆ ಕೈಗೆ ಜೀವ ಹೋಗುವುದೆಂಬ ಅರ್ಥವೇ ಸರಿಹೊಂದಿತು. ಹೆಂಡತಿಗೆ ಫೋನ್ ಮಾಡಿದೆ, ಆದರೆ ಅದನ್ನು ಹೇಳುವ ಧೈರ್ಯ ಬರಲಿಲ್ಲ.

ಸಂಜೆ ಎದುರುಮನೆಯಲ್ಲಿ ಟೀವಿ ಸದ್ದಾಯಿತು. ಅವರಿಗೆ ನೆಟ್ ಬಂದಿತ್ತು. ಓಡಿಬಂದು ಪೆಟ್ಟಿಗೆ ನೋಡಿದೆ. ನಮ್ಮದು ಕೆಂಪಾಗಿಯೇ ಇತ್ತು.

ಮರುದಿನ ಆಫೀಸು ತೆರೆಯುತ್ತಲೇ ಮತ್ತೆ ಫೋನ್ ಮಾಡಿದೆ. ಆ ಹೆಂಗಸು ಏನೋ ನೋಡಿ, “ಕಂಬದ ತನಕ ಲೈನ್ ಬರೋಬ್ಬರಿ ಐತ್ರಿ. ಲೈನ್‌ಮನ್‌ಗ ಕಳಸ್ತೀನಿ. ಅಷ್ಟರಾಗ ನಿಮ್ಮ ಮನ್ಯಾಗ ಹಳದಿ ವಯರ್ ಎಲ್ಲಾದ್ರೂ ಮಡಚೈತೇನು, ಇಲಿ ಕಡದೈತೇನು ನೋಡ್ರಿ” ಎಂದಳು.

ಪೆಟ್ಟಿಗೆಯಿಂದ ಹಿಡಿದು ವಯರಿನ ಗುಂಟ ಬೆರಳಾಡಿಸುತ್ತ ಹೋದೆ. ಮೂಲೆ ದಾಟಿತು, ಗೋಡೆಯ ಬುಡಕ್ಕೆ ಇಳಿಯಿತು. ಕಿಟಕಿಯ ಕೆಳಗೆ ಬಂದಾಗ ಮುಂದೆ ಸಾಗಲಿಲ್ಲ. ಬಗ್ಗಿ ನೋಡಿದೆ. ಗೋಡೆಯ ಮೊಳೆಯಿಂದ ಸಡಿಲಾಗಿ ನೆಲಕ್ಕೆ ಜೋತಿದ್ದ ವಯರಿನ ಮೇಲೆ ಮಂಚದ ಕಾಲು ಕೂತಿತ್ತು. ಅವ್ವ ಮಲಗಿದ್ದ ಹಾಗೆಯೇ ಮಂಚವನ್ನು ತುಸು ಎತ್ತಿ ವಯರನ್ನು ಎಳೆದುಕೊಂಡೆ. ಅದು ಅಪ್ಪಚ್ಚಿಯಾಗಿ, ಮಡಚಿದ ಕಡೆ ಬಿಳಿಗೆರೆ ಬಿದ್ದಿತ್ತು. ನೆಟ್ಟಗೆ ಮಾಡಿ ಹಿಡಿದೆ. ಕೆಂಪು ದೀಪ ಕೆಂಪಾಗಿಯೇ ಉಳಿಯಿತು.

ಮಂಚದ ಪಕ್ಕ ನೆಲದ ಮೇಲೆ ಕುಳಿತುಬಿಟ್ಟೆ. ಅವ್ವ ನನ್ನನ್ನೇ ನೋಡುತ್ತಿದ್ದಳು.

“ನಿನಗ ಗಾಳಿ ಬರ್ಲಿ ಅಂತ ಸರಿಸಿದ್ನಲ್ಲವ್ವಾ, ಆವಾಗ ತುಂಡಾಗೈತಿ” ಎಂದೆ.

ಅವಳು ಬಹಳ ಹೊತ್ತು ನೋಡಿ, ನಿಧಾನಕ್ಕೆ ಅದೇ ಕೈ ಮಾಡಿದಳು. ಎದೆ ಸವರಿಕೊಂಡು ಹೊರಗೆ ತಳ್ಳಿದಳು. ಅವಳ ಕಣ್ಣಿನ ಅಂಚಿನಿಂದ ನೀರಿಳಿದು ಕಿವಿಯ ಕಡೆ ಹೋಯಿತು.

ಮಧ್ಯಾಹ್ನ ಲೈನ್‌ಮನ್ ಬಂದ. ಮಸ್ಕಿ ರಸ್ತೆಯ ಕೆಲಸದಲ್ಲಿ ಎರಡು ದಿನ ನಿದ್ದೆಯಿಲ್ಲ ಎನ್ನುತ್ತ ಒಳಗೆ ಬಂದವನು ಅವ್ವನನ್ನು ಕಂಡು ದನಿ ತಗ್ಗಿಸಿದ. “ಇದರೊಳಗ ಗಾಜಿನ ಎಳಿ ಇರ್ತೈತ್ರಿ, ಒಂದ್ಸಲ ಮುರೀತಂದ್ರ ಮುಗೀತು” ಎಂದು ಹಳೆಯ ವಯರ್ ತೆಗೆದು ಹೊಸದು ಹಾಕಿದ. ಈ ಸಲ ಕಿಟಕಿಯ ಮೇಲಿಂದ ಎಳೆದ. ಕೆಂಪು ಆರಿತು. ಸ್ವಲ್ಪ ಹೊತ್ತಿಗೆ ಒಂದೊಂದಾಗಿ ಹಸಿರು ಬಂದವು.

ಅವನು ಗೇಟು ದಾಟುವ ಮೊದಲೇ ಅಕ್ಕನಿಗೆ ಕರೆ ಮಾಡಿದೆ. ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಅವಳು ಪರದೆಗೆ ಬಂದಳು. ನಾನು ಫೋನನ್ನು ಡಬ್ಬಿಗೆ ಆನಿಸುವಷ್ಟರಲ್ಲಿ ಅವ್ವನ ಕೈ ಎದ್ದಾಗಿತ್ತು. ಅಷ್ಟು ಉದ್ದಕ್ಕೆ, ಅಷ್ಟು ಬೇಗಬೇಗ ಅವಳು ಕೈಯಾಡಿಸಿದ್ದನ್ನು ಲಕ್ವ ಹೊಡೆದ ಮೇಲೆ ನಾನು ಕಂಡಿರಲಿಲ್ಲ. ಅಕ್ಕ ಒಮ್ಮೆಯೂ ನಡುವೆ ಕೈ ಎತ್ತಲಿಲ್ಲ. ಅವ್ವ ಮುಗಿಸಿದ ಮೇಲೆ ಅಕ್ಕ ನನ್ನ ಕಡೆ ನೋಡಿದಳು. ಅಂಗೈಯನ್ನು ಹೊರಗೆ ತಳ್ಳಿದಳು. ಅವ್ವ ಮಾಡಿದ್ದ ಅದೇ ಕೈ. ಹೊರಗೆ ಹೋಗು ಎಂದು ನನಗೆ ಹೇಳುತ್ತಿದ್ದಳು.

ಹಿಂದಿನಿಂದ ಮಾಮನ ದನಿ ಬಂತು. “ಫೋನ್ ತಗೊಂಡು ಪಡಸಾಲಿಗೆ ಬಾ ಅನ್ನಾಕತ್ಯಾಳ ನಿಮ್ಮಕ್ಕ.”

ಪಡಸಾಲೆಗೆ ಬಂದೆ. ಅಕ್ಕ ಕೈಯಲ್ಲಿ ಹೇಳುತ್ತಿದ್ದಳು, ಮಾಮ ಅವಳನ್ನು ನೋಡುತ್ತಿದ್ದ. ಹೇಳುವುದು ಮುಗಿಯಿತು. ಅಕ್ಕ ಅವನ ತೋಳು ತಟ್ಟಿದಳು.

“ಹೆಂಗ ಹೇಳ್ಲಿ ತಮ್ಮಾ. ನೀ ತಪ್ಪು ತಿಳ್ಕೋಬ್ಯಾಡ” ಎಂದ ಮಾಮ. “ಮಗನ ಕೈಲೆ ಸೀರಿ ಬಿಚ್ಚಿಸ್ಕೊಳ್ಳೂದು ಅತ್ತಿ ಕೈಲೆ ಆಗವಲ್ದಂತ. ಎದಿ ಮುಚ್ಚು, ನೀ ಹೊರಗ ಹೋಗು. ಇದನ್ನ ಹೇಳಾಕತ್ತಿದ್ಲಂತ ಅವತ್ತಿಂದ.”

“ಮತ್ತ ನೀರು ಯಾಕ ಬಿಟ್ಟಾಳ?” ಎಂದೆ.

“ನೀರು ಕುಡದ್ರ ಹಾಸಿಗಿ ಹಸಿ ಆಗ್ತೈತಿ. ಹಸಿ ಆದ್ರ ನೀ ತೊಳೀಬೇಕು. ಅದಕ್ಕ.”

ಅಕ್ಕ ಮತ್ತೆ ಏನೋ ಹೇಳಿದಳು. ಕೆನ್ನೆ ಹಿಂಡಿ ತೋರಿಸಿದಳು, ಅಂದರೆ ನಾನು. ಮುಂದಿನದು ನನಗೆ ತಿಳಿಯಲಿಲ್ಲ.

“ನೀ ಛಲೋ ನೋಡ್ಕೊಂಡಿ, ಅದರಾಗೇನು ಕಮ್ಮಿ ಇಲ್ಲ ಅಂದ್ಲಂತ ನಿಮ್ಮವ್ವ” ಎಂದ ಮಾಮ.

ಅದು ಅವ್ವ ಹೇಳಿದ್ದೋ, ನನ್ನ ಮುಖ ನೋಡಿ ಅಕ್ಕ ಸೇರಿಸಿದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಲ್ಲ.

ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಹೆತ್ತು, ಎಣ್ಣೆ ಹಚ್ಚಿ ಎರೆದ ಮೈ ನನ್ನದು. ಅವಳ ಮುಂದೆ ನನಗಿಲ್ಲದ ನಾಚಿಕೆ ನನ್ನ ಮುಂದೆ ಅವಳಿಗೇಕೆ ಎಂದು ಒಂದು ಗಳಿಗೆ ಸಿಟ್ಟೇ ಬಂತು. ಆಮೇಲೆ ನೆನಪಾಯಿತು. ಗೊರೇಬಾಳದಲ್ಲಿ ಇನ್ನೂ ಬೆಳಕು ಹರಿಯುವ ಮುನ್ನವೇ ಎದ್ದು, ಮನೆಯಲ್ಲಿ ಯಾರೂ ಏಳುವ ಮೊದಲು ಜಳಕ ಮುಗಿಸಿ, ತಲೆಯ ತುಂಬ ಸೆರಗು ಹೊದ್ದು ಒಲೆಯ ಮುಂದೆ ಕೂರುತ್ತಿದ್ದ ಹೆಂಗಸು ಅವಳು. ಅವಳ ಬಿಚ್ಚಿದ ಕೂದಲನ್ನು ಕೂಡ ನಾನು ದೊಡ್ಡವನಾದ ಮೇಲೆ ನೋಡಿದ ನೆನಪಿರಲಿಲ್ಲ. ಲಕ್ವ ಅವಳ ಬಲಗಡೆಯನ್ನು, ಮಾತನ್ನು ಕಿತ್ತುಕೊಂಡಿತ್ತು. ಉಳಿದ ಮರ್ಯಾದೆಯನ್ನು ಅವಳು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು.

ಎದುರುಮನೆಗೆ ಹೋಗಿ ಆ ಹೆಂಗಸನ್ನು ಕೇಳಿದೆ. “ಇಷ್ಟಕ್ಕ ಎರಡು ದಿನ ಯಾಕ ಸುಮ್ನಿದ್ರಿ ಅಣ್ಣಾರ?” ಎನ್ನುತ್ತ ಅವಳು ಕೈಕೆಲಸ ಬಿಟ್ಟು ಬಂದಳು. ಬಾಗಿಲು ಹಾಕಿಕೊಂಡಳು. ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತೆ. ಒಳಗೆ ತಂಬಿಗೆಯ ಸದ್ದು, ನೀರು ಸುರಿಯುವ ಸದ್ದು, ಅವಳು ಒಬ್ಬಳೇ ಮಾತಾಡುವ ಸದ್ದು. ಬಾಗಿಲು ತೆರೆದು, “ನೀರು ಕುಡುದ್ಲು ನೋಡ್ರಿ. ಇನ್ನೂ ಬೇಕು ಅಂತ ಕೈ ಮಾಡಿದ್ಲು” ಎಂದಳು. ನಾನು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಕತ್ತಲಾಗುವ ಮೊದಲು ಅಕ್ಕ ಬಸ್ಸಿನಲ್ಲಿ ಬಂದಿಳಿದಳು. ಸ್ಟ್ಯಾಂಡಿನಿಂದ ಬೈಕಿನಲ್ಲಿ ಕರೆತಂದೆ. ನನ್ನ ಹೆಂಡತಿ ಬರುವವರೆಗೂ ಇದ್ದಳು. ತಾಯಿ ಮಗಳ ಕೈಗಳು ಹಗಲೆಲ್ಲ ಮಾತಾಡಿದವು. ಒಮ್ಮೆ ಇಬ್ಬರೂ ನಕ್ಕರು. ಅವ್ವನ ನಗು ಮುಖದ ಒಂದೇ ಕಡೆ ಮೂಡುತ್ತಿತ್ತು. ಏನಕ್ಕೆ ನಕ್ಕರೆಂದು ನಾನು ಕೇಳಲಿಲ್ಲ. ಆದರೆ ನನಗೂ ಕಲಿಸು ಎಂದು ಅಕ್ಕನಿಗೆ ಸನ್ನೆ ಮಾಡಿದೆ. ಅವಳು ನಂಬದವಳಂತೆ ನೋಡಿ, ನನ್ನ ಬೆರಳುಗಳನ್ನು ಹಿಡಿದು ಒಂದೊಂದಾಗಿ ಮಡಚಿ ತೋರಿಸಿದಳು. ನೋವು. ತಿರುಗಿ ಮಲಗಿಸು. ಬಾಗಿಲು ಹಾಕು. ಹೆಂಡತಿ ನನಗಿಂತ ಬೇಗ ಕಲಿತಳು.

ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ಎದುರುಮನೆಯವಳು ಬಂದು ಹೋಗುವುದೆಂದು ಮಾತಾಯಿತು. ಗಂಜಿ ಮಾಡುವುದು, ಉಣಿಸುವುದು, ಕಾಲು ಒತ್ತುವುದು ನನ್ನ ಕೆಲಸ. ಕಾಲು ಒತ್ತುವಾಗ ಅವ್ವನಿಗೆ ಸಂಕೋಚವಿರಲಿಲ್ಲ. ಹಾಯಾಗಿ ಕಣ್ಣು ಮುಚ್ಚುತ್ತಿದ್ದಳು.

ಯುಗಾದಿಗೆ ಸ್ವಲ್ಪ ಮುಂಚೆ, ಒಂದು ಬೆಳಗಿನ ಜಾವ, ಅವ್ವ ನಿದ್ದೆಯಲ್ಲೇ ಹೋದಳು. ಹೆಂಗಸರು ಒಳಗೆ ಸೇರಿ ಅವಳಿಗೆ ಎರೆದರು. ನಾನು ಬಿಸಿನೀರಿನ ಕೊಡಗಳನ್ನು ಹೊಸ್ತಿಲತನಕ ತಂದಿಟ್ಟು ಹಿಂದೆ ಸರಿಯುತ್ತಿದ್ದೆ. ಅಕ್ಕ ಬಂದು ಒಳಗೆ ತೆಗೆದುಕೊಂಡು ಹೋಗುತ್ತಿದ್ದಳು.

ಈಗಲೂ ಸಂಜೆ ಅಕ್ಕ ಕರೆ ಮಾಡುತ್ತಾಳೆ. ಮೊದಮೊದಲು ಮಾಮ ಪಕ್ಕದಲ್ಲಿ ಕೂರುತ್ತಿದ್ದ. ಈಗ ಅವನು ಮಿಷಿನ್ ತುಳಿಯುವ ಸದ್ದು ಹಿಂದಿನಿಂದ ಕೇಳುತ್ತಿರುತ್ತದೆ. ನನ್ನ ಕೈಮಾತು ಇನ್ನೂ ತೊದಲು. ಮೊನ್ನೆ ಕಾಲುವೆಗೆ ನೀರು ಬಂತು ಎಂದು ಹೇಳಹೋಗಿ ಮತ್ತೇನನ್ನೋ ಹೇಳಿದೆನಂತೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕು, ಕೈ ಮೇಲೆತ್ತಿ, ನಿಧಾನಕ್ಕೆ, ಮೊಣಕೈಯಿಂದ ಬೆರಳಿನ ತುದಿಯವರೆಗೆ ಅಂಗೈ ಸವರಿ ತೋರಿಸಿದಳು. ನಾನು ಮತ್ತೆ ಮಾಡಿದೆ. ಈ ಸಲ ಸರಿ ಎಂದು ತಲೆಯಾಡಿಸಿ, ಗದ್ದೆಗೆ ಯಾವ ಭತ್ತ ಹಾಕಿದಿರಿ ಎಂದು ಕೇಳಿದಳು.